ಮಂಗನ ಮೇಲೆ ಹೊರಿಸಿದ ಕಾಯಿಲೆ: ಮ್ಯಾಂಗಬಿ, ಮುಸಿಯ ಮತ್ತು ಮನುಷ್ಯ

(ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಗೋವಾದ ಸಾಂಕೋಲೆಯಿಂದ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

1. ಪ್ರಸ್ತಾವನೆ

ನೆಟ್‌ವರ್ಕ್ ಕೈಕೊಟ್ಟರೆ ದಯವಿಟ್ಟು ಚಾಟ್‌ನಲ್ಲಿ ತಿಳಿಸಿ, ಅಲ್ಲಿಂದಲೇ ಮುಂದುವರಿಸ್ತೇನೆ.

ಕನ್ನಡ ಎಂ.ಎ. ಓದುವವರಿಗೆ ವೈರಸ್ ಯಾಕೆ ಅಂತ ಕೆಲವರು ಕೇಳಿದ್ದರು. ಈ ಸರಣಿಯ ವಿಷಯ ‘ರೋಗ ಮತ್ತು ಚರಿತ್ರೆ’. ಪ್ಲೇಗಿನ ಬಗ್ಗೆ, ಕಾಲರಾದ ಬಗ್ಗೆ, ಮಾರಿಯ ಆಚರಣೆಗಳ ಬಗ್ಗೆ ಹಿಂದಿನ ವಾರಗಳಲ್ಲಿ ಒಳ್ಳೆಯ ಪ್ರಬಂಧಗಳು ಬಂದವು. ನಾನು ಆಯ್ದುಕೊಂಡಿರುವುದು ರೋಗನಿರೋಧಕ ಶಕ್ತಿಯನ್ನು ಕುಂದಿಸುವ ವೈರಸ್‌ಗಳ ಚರಿತ್ರೆ. ಅವು ಬೇರೆ ಬೇರೆ ಜಾತಿಯ ಮಂಗಗಳಲ್ಲಿ ಬೇರೆ ಬೇರೆ ರೀತಿ ನಡೆದುಕೊಳ್ಳುತ್ತವೆ. ನನ್ನನ್ನು ಇದರ ಹಿಂದೆ ಹಚ್ಚಿದ್ದು ಎರಡು ಪದಗಳು. ಒಂದು ‘ಮೂಲ’. ಇನ್ನೊಂದು ‘ಆತಿಥೇಯ’. ರೋಗದ ಮೂಲ ಯಾವುದು ಅಂತ ವಿಜ್ಞಾನ ಕೇಳುತ್ತದೆ. ಆ ಪ್ರಶ್ನೆ ಬೀದಿಗೆ ಬರುವ ಹೊತ್ತಿಗೆ ‘ಯಾರಿಂದ ಬಂತು’ ಅಂತ ಆಗಿರುತ್ತದೆ. ಈ ಎರಡು ಪ್ರಶ್ನೆಗಳ ನಡುವೆ ಏನು ಕಳೆದುಹೋಗುತ್ತದೆ ಅನ್ನುವುದನ್ನು ನೋಡುವುದು ಈ ಪ್ರಬಂಧದ ಉದ್ದೇಶ.

ನಾನಿರುವ ಜಾಗವೂ ಇದಕ್ಕೆ ಕಾರಣ. ಸಾಂಕೋಲೆ ಪಂಚಾಯಿತಿಗೆ ಸೇರಿದ ಜುವಾರಿನಗರವನ್ನು ಇಲ್ಲಿಯವರು ಈಗಲೂ ‘ಬಿರ್ಲಾ’ ಅಂತಲೇ ಕರೆಯೋದು. 1970ರ ದಶಕದಲ್ಲಿ ಇಲ್ಲಿ ರಸಗೊಬ್ಬರ ಕಾರ್ಖಾನೆ ಶುರುವಾದ ಮೇಲೆ ಕೆಲಸ ಹುಡುಕಿಕೊಂಡು ಉತ್ತರ ಕರ್ನಾಟಕದ ಸಾಕಷ್ಟು ಕುಟುಂಬಗಳು ಬಂದು ನೆಲೆಸಿದವು. ಸಂಜೆ ಅಂಗಡಿ ಸಾಲಿನಲ್ಲಿ ನಿಂತರೆ ಕೊಂಕಣಿ, ಹಿಂದಿಯ ಜೊತೆ ನಮ್ಮ ಉತ್ತರ ಕರ್ನಾಟಕದ ಕನ್ನಡವೂ ಕೇಳುತ್ತದೆ. ಅದೇ ಸಾಂಕೋಲೆಯಲ್ಲಿ ಪೋರ್ಚುಗೀಸರ ಕಾಲದ ಒಂದು ಚರ್ಚಿನ ಮುಂಭಾಗದ ಗೋಡೆ ಮಾತ್ರ ಉಳಿದು ನಿಂತಿದೆ. ಆ ಚರ್ಚು ಆರೋಗ್ಯಮಾತೆಯದು. ಇಲ್ಲಿಂದ ಪಶ್ಚಿಮಕ್ಕೆ ಹೋದರೆ ವಾಸ್ಕೊ, ಅಲ್ಲಿ ಬೈನಾ ಕಡಲತೀರ. ಈ ಪ್ರಬಂಧದ ಕೊನೆಗೆ ನಾವು ಬೈನಾಕ್ಕೆ ಬರುತ್ತೇವೆ. ಅದಕ್ಕೆ ಮುಂಚೆ ಆಫ್ರಿಕಾಕ್ಕೆ, ಅಮೆರಿಕಾಕ್ಕೆ, ಸೊರಬಕ್ಕೆ ಹೋಗಬೇಕಾಗಿದೆ.

2. ಒಂದು ಕೋತಿಗೆ ಮನೆಯವನು, ಇನ್ನೊಂದಕ್ಕೆ ಯಮ

1981ರ ಜೂನ್‌ನಲ್ಲಿ ಅಮೆರಿಕಾದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರ ವಿಚಿತ್ರ ನ್ಯುಮೋನಿಯಾದ ವರದಿ ಬಂತು. ಏಡ್ಸ್ ಅಂತ ನಾವು ಕರೆಯುವ ಕಾಯಿಲೆಯ ಮೊದಲ ಮುದ್ರಿತ ದಾಖಲೆ ಅದು. 1983ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾಂಸ್ವಾಸ್ ಬಾರೆ-ಸಿನೂಸಿ, ಲುಕ್ ಮೊಂಟಾನಿಯೆ ಮತ್ತವರ ಸಂಗಡಿಗರು ಇದರ ವೈರಸ್ಸನ್ನು ಬೇರ್ಪಡಿಸಿದರು. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಭಾರತದ ಮೊದಲ ಪ್ರಕರಣಗಳನ್ನು ಗುರುತಿಸಿದರು. ಈ ಕಥೆ ನಿಮಗೆ ಗೊತ್ತಿರುವುದೇ.

ಇದರ ಪಕ್ಕದಲ್ಲೇ ಇನ್ನೊಂದು ಕಥೆ ನಡೆಯುತ್ತಿತ್ತು. ಅಮೆರಿಕಾದ ಸಂಶೋಧನಾ ಕೇಂದ್ರಗಳಲ್ಲಿ ಕೂಡಿಹಾಕಿದ್ದ ರೀಸಸ್ ಕೋತಿಗಳು ಏಡ್ಸ್ ರೋಗಿಗಳ ಹಾಗೆಯೇ ಸೊರಗಿ ಸಾಯುತ್ತಿದ್ದವು. 1985ರಲ್ಲಿ ನ್ಯೂ ಇಂಗ್ಲೆಂಡ್ ಪ್ರೈಮೇಟ್ ಕೇಂದ್ರದವರು ಅವುಗಳಲ್ಲಿ ಎಚ್‌ಐವಿಯ ದಾಯಾದಿಯಂಥ ವೈರಸ್ ಕಂಡುಹಿಡಿದರು. ಅದಕ್ಕೆ ಎಸ್‌ಐವಿ, ಅಂದ್ರೆ ಮಂಗಗಳ ರೋಗನಿರೋಧಕ ಶಕ್ತಿ ಕುಂದಿಸುವ ವೈರಸ್ ಅಂತ ಹೆಸರಾಯಿತು.

ರೀಸಸ್ ಕೋತಿ ಏಷ್ಯಾದ ಪ್ರಾಣಿ. ಏಷ್ಯಾದ ಕಾಡುಗಳಲ್ಲಿ ಯಾವ ಮಂಗಕ್ಕೂ ಎಸ್‌ಐವಿ ಸಹಜವಾಗಿ ಇಲ್ಲ. ಹಾಗಾದರೆ ಇದಕ್ಕೆ ಬಂದಿದ್ದು ಎಲ್ಲಿಂದ? ಉತ್ತರ ಪಕ್ಕದ ಪಂಜರದಲ್ಲಿತ್ತು. ಅದೇ ಕೇಂದ್ರಗಳಲ್ಲಿ ಪಶ್ಚಿಮ ಆಫ್ರಿಕಾದ ಸೂಟಿ ಮ್ಯಾಂಗಬಿ ಅನ್ನುವ ಮಸಿಬಣ್ಣದ ಕೋತಿಗಳನ್ನೂ ಸಾಕಿದ್ದರು. ಲೂಸಿಯಾನಾದ ಒಂದು ಕೇಂದ್ರದಲ್ಲಿ ನಡೆದದ್ದು ಸ್ಪಷ್ಟವಾಗಿ ದಾಖಲಾಗಿದೆ. ಅಲ್ಲಿ ಕುಷ್ಠರೋಗದ ಅಧ್ಯಯನ ನಡೀತಾ ಇತ್ತು. ಕುಷ್ಠ ತಗುಲಿದ್ದ ಮ್ಯಾಂಗಬಿಯ ಅಂಗಾಂಶವನ್ನು ರೀಸಸ್ ಕೋತಿಗಳಿಗೆ ಚುಚ್ಚಿದರು. ಆಮೇಲೆ ಆ ಕೋತಿಗಳಲ್ಲಿ ರೋಗನಿರೋಧಕ ಶಕ್ತಿಯೇ ಕುಸಿಯಿತು. ಅಂಗಾಂಶದ ಜೊತೆಗೆ ಯಾರ ಕಣ್ಣಿಗೂ ಬೀಳದೆ ಎಸ್‌ಐವಿಯೂ ದಾಟಿಹೋಗಿತ್ತು. ಮ್ಯಾಂಗಬಿಯ ಮೈಯಲ್ಲಿ ಅದು ಅಷ್ಟು ದಿನ ಇದ್ದದ್ದು ಯಾರಿಗೂ ಗೊತ್ತಾಗಿರಲಿಲ್ಲ, ಯಾಕಂದ್ರೆ ಮ್ಯಾಂಗಬಿಗೆ ಅದರಿಂದ ಏನೂ ಆಗಿರಲಿಲ್ಲ.

ನನ್ನ ಮಟ್ಟಿಗೆ ಇಡೀ ವಿಷಯದ ಕೇಂದ್ರ ಇದು. ಒಂದು ಕೋತಿಯಿಂದ ಇನ್ನೊಂದು ಕೋತಿಗೆ ಹೋದದ್ದು ಅದೇ ವೈರಸ್. ಮೊದಲನೆಯದರಲ್ಲಿ ಅದು ಸುಮ್ಮನಿತ್ತು. ಎರಡನೆಯದನ್ನು ಕೊಂದಿತು.

ಸುಮ್ಮನಿತ್ತು ಅಂದರೆ ಕಡಿಮೆ ಸಂಖ್ಯೆಯಲ್ಲಿತ್ತು ಅಂತಲ್ಲ. ಎಚ್‌ಐವಿ ಇರುವ ಮನುಷ್ಯರಲ್ಲಿ ರಕ್ತದಲ್ಲಿ ವೈರಸ್ ಹೆಚ್ಚಿದಷ್ಟು ಬೇಗ ಕಾಯಿಲೆ ಬರುತ್ತದೆ. ಆದರೆ ಮ್ಯಾಂಗಬಿಯ ರಕ್ತದಲ್ಲಿ ವೈರಸ್ ಧಾರಾಳವಾಗಿ ಇರುತ್ತದೆ. ಆದರೂ ಸಿಡಿ4 ಕೋಶಗಳು, ಅಂದ್ರೆ ರೋಗದ ವಿರುದ್ಧದ ಹೋರಾಟವನ್ನು ನಡೆಸುವ ಬಿಳಿ ರಕ್ತಕಣಗಳು, ಬಹುಮಟ್ಟಿಗೆ ಉಳಿದಿರುತ್ತವೆ. ವಿಜ್ಞಾನಿಗಳು ಇದಕ್ಕೆ ಹಲವು ಕಾರಣ ಕೊಡುತ್ತಾರೆ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಮ್ಯಾಂಗಬಿಯ ದೇಹವೂ ಮನುಷ್ಯ ದೇಹದಂತೆ ಗಲಾಟೆ ಎಬ್ಬಿಸುತ್ತದೆ, ಆದರೆ ಆಮೇಲೆ ತಾನಾಗಿ ತಣ್ಣಗಾಗುತ್ತದೆ. ಮನುಷ್ಯರಲ್ಲಿ, ರೀಸಸ್‌ನಲ್ಲಿ ಆ ಗಲಾಟೆ ನಿಲ್ಲುವುದೇ ಇಲ್ಲ. ಕರುಳಿನ ಒಳಪದರ ಹಾಳಾಗಿ, ಕರುಳಿನ ಬ್ಯಾಕ್ಟೀರಿಯಾಗಳ ಅಂಶ ರಕ್ತಕ್ಕೆ ಸೋರಿ, ದೇಹ ಸದಾ ಯುದ್ಧದ ಸ್ಥಿತಿಯಲ್ಲಿ ಇರುತ್ತದೆ. ಕೊನೆಗೆ ಆ ದಣಿವೇ ಕೊಲ್ಲುತ್ತದೆ. ಮ್ಯಾಂಗಬಿಯ ಕರುಳಿನ ಗೋಡೆ ಗಟ್ಟಿಯಾಗಿ ಉಳಿಯುತ್ತದೆ. ಜೊತೆಗೆ, ವೈರಸ್ ಒಳಗೆ ಹೋಗಲು ಬಳಸುವ ಸಿಸಿಆರ್5 ಅನ್ನುವ ಬಾಗಿಲು ಅದರ ಮುಖ್ಯವಾದ ಸಿಡಿ4 ಕೋಶಗಳ ಮೇಲೆ ಕಡಿಮೆ. ತಾಯಿಯಿಂದ ಮರಿಗೆ ಸೋಂಕು ಹೋಗುವುದೂ ಅಪರೂಪ.

ಮಂಗದ ಜಾತಿ ಬದಲಾದರೆ ಉಪಾಯವೂ ಬದಲಾಗುತ್ತದೆ. ಆಫ್ರಿಕಾದ ಹಸಿರು ಕೋತಿಗಳಲ್ಲಿ ಕೆಲವು ಕೋಶಗಳು ಬೆಳೆಯುತ್ತಾ ತಮ್ಮ ಮೇಲಿನ ಸಿಡಿ4 ಗುರುತನ್ನೇ ಕಳಚಿಬಿಡುತ್ತವೆ, ಆದರೆ ಕೆಲಸ ಬಿಡುವುದಿಲ್ಲ. ಗುರುತಿಲ್ಲದ ಮನೆಗೆ ವೈರಸ್ ಬರುವುದು ಹೇಗೆ! ಕೆಂಪು ಟೋಪಿಯ ಮ್ಯಾಂಗಬಿಗಳಲ್ಲಿ ಬಹಳಷ್ಟಕ್ಕೆ ಸಿಸಿಆರ್5 ಬಾಗಿಲಿನ ಜೀನ್‌ನಲ್ಲೇ ಒಂದು ತುಂಡು ಇಲ್ಲ. ಅವುಗಳ ವೈರಸ್ ಬೇರೆ ಬಾಗಿಲು ಹುಡುಕಿಕೊಂಡಿದೆ. ಹೀಗೆ ಆಫ್ರಿಕಾದಲ್ಲಿ 40ಕ್ಕೂ ಹೆಚ್ಚು ಜಾತಿಯ ಪ್ರೈಮೇಟ್‌ಗಳಲ್ಲಿ ಎಸ್‌ಐವಿ ಸಿಕ್ಕಿದೆ, ಸಾಮಾನ್ಯವಾಗಿ ಜಾತಿಗೊಂದು ಬಗೆ.

3. ಹೊಂದಾಣಿಕೆಗೆ ಹಿಡಿದ ಕಾಲ

ಈ ಸಹಬಾಳ್ವೆ ಎಷ್ಟು ಹಳೆಯದು? ಇಲ್ಲಿ ಭೂಗೋಳ ಚರಿತ್ರೆಗೆ ಸಾಕ್ಷಿ ಹೇಳುತ್ತದೆ. ಪಶ್ಚಿಮ ಆಫ್ರಿಕಾದ ಕರಾವಳಿಯಾಚೆ ಬಿಯೊಕೊ ಅನ್ನುವ ದ್ವೀಪವಿದೆ. ಒಂದು ಕಾಲಕ್ಕೆ ಅದು ಪೋರ್ಚುಗೀಸ್ ನಾವಿಕನೊಬ್ಬನ ಹೆಸರು ಹೊತ್ತು ‘ಫರ್ನಾಂದೊ ಪೊ’ ಆಗಿತ್ತು. ಸುಮಾರು 10,000 ವರ್ಷಗಳ ಹಿಂದೆ ಸಮುದ್ರ ಏರಿ ಅದು ಆಫ್ರಿಕಾದಿಂದ ಬೇರೆಯಾಯಿತು. ಅಲ್ಲಿನ ಮಂಗಗಳಲ್ಲೂ ಎಸ್‌ಐವಿ ಇದೆ, ಅದು ಮುಖ್ಯಭೂಮಿಯ ಬಂಧುಗಳ ವೈರಸ್ಸಿಗೆ ಹತ್ತಿರದ್ದು. ಅಂದರೆ ದ್ವೀಪ ಬೇರೆಯಾಗುವ ಮೊದಲೇ ವೈರಸ್ ಇತ್ತು. ಇದನ್ನು ಲೆಕ್ಕದ ಕಲ್ಲಾಗಿ ಇಟ್ಟುಕೊಂಡು ಮೈಕಲ್ ವೊರೊಬಿ ಮತ್ತು ಸಂಗಡಿಗರು 2010ರಲ್ಲಿ ಎಸ್‌ಐವಿ ಕನಿಷ್ಠ 32,000 ವರ್ಷ ಹಳೆಯದು ಅಂತ ತೋರಿಸಿದರು.

ಇನ್ನೊಂದು ಸಾಕ್ಷಿ ಮನುಷ್ಯ ಚರಿತ್ರೆಯ ಕರಾಳ ಭಾಗದಿಂದ ಬರುತ್ತದೆ. ಗುಲಾಮರ ವ್ಯಾಪಾರದ ಹಡಗುಗಳಲ್ಲಿ ಆಫ್ರಿಕಾದ ಹಸಿರು ಕೋತಿಗಳೂ ಕೆರಿಬಿಯನ್ ದ್ವೀಪಗಳಿಗೆ ಹೋದವು. ಬಾರ್ಬಡೋಸ್, ಸೇಂಟ್ ಕಿಟ್ಸ್‌ನಲ್ಲಿ ಅವುಗಳ ಸಂತತಿ ಇವತ್ತಿಗೂ ಇದೆ. ಆಫ್ರಿಕಾದಲ್ಲಿರುವ ಅವುಗಳ ಬಳಗಕ್ಕೆ ಎಸ್‌ಐವಿ ಇದೆ, ಕೆರಿಬಿಯನ್ ಕೋತಿಗಳಿಗೆ ಇಲ್ಲ. ವೈರಸ್ ರಕ್ತದಲ್ಲಿ ಹುಟ್ಟಿಬರುವ ಜಾತಿಗುಣ ಅಲ್ಲ, ಒಂದರಿಂದ ಇನ್ನೊಂದಕ್ಕೆ ದಾಟಬೇಕಾದದ್ದು ಅನ್ನುವುದಕ್ಕೆ ಇದಕ್ಕಿಂತ ಸರಳ ಉದಾಹರಣೆ ನನಗೆ ಸಿಗಲಿಲ್ಲ.

ಹೊಸದಾಗಿ ಸಿಕ್ಕ ಆತಿಥೇಯರ ಗತಿ ಬೇರೆ. ಚಿಂಪಾಂಜಿಗಳು ಸಣ್ಣ ಮಂಗಗಳನ್ನು ಬೇಟೆಯಾಡಿ ತಿನ್ನುತ್ತವೆ. ಅವುಗಳ ವೈರಸ್ ಎರಡು ಬೇರೆ ಬೇರೆ ಮಂಗಗಳ ಎಸ್‌ಐವಿ ಬೆರೆತು ಆದದ್ದು. ಅದರಲ್ಲಿ ಒಂದು ಪಾಲು ಕೆಂಪು ಟೋಪಿಯ ಮ್ಯಾಂಗಬಿಯದು. ಬಹಳ ಕಾಲ ಚಿಂಪಾಂಜಿಗೂ ಇದರಿಂದ ತೊಂದರೆ ಇಲ್ಲ ಅಂತ ನಂಬಿದ್ದರು. ಟಾಂಜಾನಿಯಾದ ಗೊಂಬೆ ಕಾಡಿನಲ್ಲಿ, ಜೇನ್ ಗುಡಾಲ್ ಅವರ ಕೆಲಸದಿಂದ ಹೆಸರಾದ ಅದೇ ಕಾಡಿನಲ್ಲಿ, ವರ್ಷಗಟ್ಟಲೆ ಚಿಂಪಾಂಜಿಗಳನ್ನು ಗಮನಿಸಿದ ಮೇಲೆ 2009ರಲ್ಲಿ ಬೇರೆ ಚಿತ್ರ ಸಿಕ್ಕಿತು. ಸೋಂಕಿತ ಚಿಂಪಾಂಜಿಗಳು ಸಾಯುವ ಅಪಾಯ ಅದೇ ವಯಸ್ಸಿನ ಉಳಿದವಕ್ಕಿಂತ 10ರಿಂದ 16 ಪಟ್ಟು ಹೆಚ್ಚು. ಆಗ್ನೇಯ ಕ್ಯಾಮರೂನಿನ ಚಿಂಪಾಂಜಿಗಳಿಂದ 20ನೇ ಶತಮಾನದ ಆರಂಭದ ಆಸುಪಾಸಿನಲ್ಲಿ ಮನುಷ್ಯರಿಗೆ ಬಂದದ್ದೇ ಜಗತ್ತಿನಾದ್ಯಂತ ಹರಡಿದ ಎಚ್‌ಐವಿ-1.

ದಾಟುವುದು ಸುಲಭವೂ ಅಲ್ಲ. ರೀಸಸ್ ಕೋತಿಯ ಕೋಶದಲ್ಲಿ ‘ಟ್ರಿಮ್5 ಆಲ್ಫಾ’ ಅನ್ನುವ ಒಂದು ಪ್ರೋಟೀನ್ ಇದೆ. ಅದು ಎಚ್‌ಐವಿ-1 ಒಳಗೆ ಬಂದ ಕೂಡಲೇ ತಡೆಯುತ್ತದೆ ಅಂತ 2004ರಲ್ಲಿ ಗೊತ್ತಾಯಿತು. ಹಾಗಾಗಿ ನಮ್ಮನ್ನು ಕೊಲ್ಲುವ ವೈರಸ್ ರೀಸಸ್‌ಗೆ ಏನೂ ಮಾಡುವುದಿಲ್ಲ. ಮ್ಯಾಂಗಬಿಗೆ ಏನೂ ಮಾಡದ ವೈರಸ್ ರೀಸಸ್ಸನ್ನು ಕೊಲ್ಲುತ್ತದೆ. ರೀಸಸ್‌ಗಳಲ್ಲೂ ಭೇದವಿದೆ. ಭಾರತ ಮೂಲದ ರೀಸಸ್‌ಗಳಲ್ಲಿ ಕಾಯಿಲೆ ಬೇಗ ಬೆಳೆಯುತ್ತದೆ, ಚೀನಾ ಮೂಲದವುಗಳಲ್ಲಿ ನಿಧಾನ. ಹಾಗಾಗಿಯೇ ಭಾರತ ಮೂಲದ ಕೋತಿಗಳು ಏಡ್ಸ್ ಸಂಶೋಧನೆಯಲ್ಲಿ ಮುಖ್ಯ ಮಾದರಿಯಾದವು. ನಮ್ಮ ಸರ್ಕಾರ 1978ರಲ್ಲೇ ರೀಸಸ್ ರಫ್ತು ನಿಲ್ಲಿಸಿತು. ಅಷ್ಟರಲ್ಲಿ ಹೋದವುಗಳ ಸಂತತಿಯ ಮೇಲೆ, ನಮ್ಮ ದೇಶದ ಕೋತಿಗಳ ಮಕ್ಕಳು ಮೊಮ್ಮಕ್ಕಳ ಮೇಲೆ, ಜಗತ್ತಿನ ಎಷ್ಟೋ ಲಸಿಕೆ, ಔಷಧಿಗಳ ಪ್ರಯೋಗ ನಡೆದಿದೆ.

ಇಲ್ಲಿಯವರೆಗಿನ ಸಾರ ಇಷ್ಟು: ಇದು ಕ್ರೂರ ವೈರಸ್, ಅದು ಸೌಮ್ಯ ವೈರಸ್ ಅಂತ ಹೇಳಲು ಬರುವುದಿಲ್ಲ. ಯಾರ ಮೈಯಲ್ಲಿ, ಎಷ್ಟು ಕಾಲದ ಪರಿಚಯದ ಮೇಲೆ ಅಂತ ಕೇಳಬೇಕು. ‘ಆತಿಥೇಯ’ ಅನ್ನುವ ಕನ್ನಡ ಪಾರಿಭಾಷಿಕ ಪದ ಇಲ್ಲಿ ಅರ್ಧ ಸರಿ, ಅರ್ಧ ತಪ್ಪು. ಕರೆಯದೆ ಬಂದವನನ್ನು ಅತಿಥಿ ಅನ್ನುವುದು ನಮ್ಮ ರೂಢಿ. ಅತಿಥಿಗೆ ತಿಥಿ ಇಲ್ಲವಲ್ಲ. ಆದರೆ 32,000 ವರ್ಷ ಮನೆಯಲ್ಲಿ ಉಳಿದವನು ಅತಿಥಿಯಾಗಿ ಉಳಿಯುತ್ತಾನೆಯೇ? ಮ್ಯಾಂಗಬಿಗೆ ಅವನು ಮನೆಯವನೇ ಆಗಿಬಿಟ್ಟಿದ್ದಾನೆ.

4. ನಮ್ಮ ಕಾಡಿನ ಮಂಗ

ಏಷ್ಯಾದ ಮಂಗಗಳಿಗೆ ಸಹಜವಾಗಿ ಎಸ್‌ಐವಿ ಇಲ್ಲ ಅಂದೆ. ರೀಸಸ್ ಕೂಡ ಉತ್ತರದ ಪ್ರಾಣಿ. ದಕ್ಷಿಣದಲ್ಲಿ ನಾವು ದಿನವೂ ನೋಡುವ ಕೆಂಪು ಮೋರೆಯ ಕೋತಿ ಬೇರೆ ಜಾತಿಯದು. ಹಾಗಾದರೆ ಕನ್ನಡದ ಅನುಭವಕ್ಕೂ ಈ ಕಥೆಗೂ ಸಂಬಂಧವೇನು? ಸಂಬಂಧ ಸೊರಬದಲ್ಲಿದೆ, ಬೇರೆಯೇ ಒಂದು ವೈರಸ್ಸಿನ ಮೂಲಕ.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜೊತೆಗೆ ಸುತ್ತಲಿನ ಊರುಗಳ ಜನ ತೀವ್ರ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್‌ಫರ್ಡ್ ವರ್ಕ್ ಮತ್ತು ತಂಡ ಬಂತು. ಮಂಗಗಳೂ ಸಾಯುತ್ತಿವೆ ಅಂದಾಗ ಅವರಿಗೆ ಮೊದಲು ಬಂದ ಅನುಮಾನ, ಭಾರತದಲ್ಲಿ ಎಂದೂ ಇಲ್ಲದ ಹಳದಿ ಜ್ವರ ಇಲ್ಲಿಗೆ ಕಾಲಿಟ್ಟಿತೇ ಅಂತ. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಅದುವರೆಗೆ ಯಾರೂ ಕಾಣದ ವೈರಸ್. ಊರಿನ ಹೆಸರೇ ಕಾಯಿಲೆಯ ಹೆಸರಾಯಿತು: ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ. ಮಲೆನಾಡಿನ ಜನ ಅದನ್ನು ಕರೆದದ್ದು ‘ಮಂಗನ ಕಾಯಿಲೆ’ ಅಂತ.

ಇದು ಎಸ್‌ಐವಿಯ ಬಳಗಕ್ಕೆ ಸೇರಿದ್ದಲ್ಲ, ರೋಗನಿರೋಧಕ ಶಕ್ತಿಯನ್ನು ವರ್ಷಗಟ್ಟಲೆ ತಿನ್ನುವಂಥದ್ದೂ ಅಲ್ಲ. ಹರಡುವುದು ಉಣ್ಣೆಯಿಂದ, ಅಂದ್ರೆ ಉಣುಗಿನಿಂದ. ಆದರೆ ನಾನು ಹೇಳುತ್ತಿರುವ ವಿನ್ಯಾಸ ಇಲ್ಲೂ ಅದೇ. ಕಾಡಿನ ಇಲಿ, ಮೂಗಿಲಿಗಳಂಥ ಸಣ್ಣ ಪ್ರಾಣಿಗಳ ಮೈಯಲ್ಲಿ ಈ ವೈರಸ್ ಸದ್ದಿಲ್ಲದೆ ಇರುತ್ತದೆ. ಮಂಗಕ್ಕೆ ಬಂದರೆ ಮಂಗ ಸಾಯುತ್ತದೆ. ಕಪ್ಪು ಮೋರೆಯ ಮುಸಿಯ, ಕೆಂಪು ಮೋರೆಯ ಕೋತಿ ಎರಡೂ ಸಾಯುತ್ತವೆ. ದಾಖಲಾದ ಸಾವುಗಳಲ್ಲಿ ಮುಸಿಯಗಳೇ ಹೆಚ್ಚು. ಸತ್ತ ಮಂಗದ ಮೈಯಿಂದ ಇಳಿದ ಉಣುಗುಗಳು ಸುತ್ತ ಹರಡುತ್ತವೆ, ಸೌದೆಗೆ, ದರಗಿಗೆ, ದನ ಮೇಯಿಸಲಿಕ್ಕೆ ಹೋದವರಿಗೆ ಕಚ್ಚುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ.

ಹೆಸರನ್ನು ಗಮನಿಸಿ. ‘ಮಂಗನ ಕಾಯಿಲೆ’ ಅನ್ನುವ ಷಷ್ಠಿ ವಿಭಕ್ತಿಯಲ್ಲಿ ಎರಡು ಅರ್ಥ ಇವೆ. ಮಂಗನಿಗೆ ಬರುವ ಕಾಯಿಲೆ ಅಂತ ಒಂದು, ಮಂಗನಿಂದ ಬರುವ ಕಾಯಿಲೆ ಅಂತ ಇನ್ನೊಂದು. ಹೆಸರಿಟ್ಟ ಮಲೆನಾಡಿಗರಿಗೆ ಎರಡೂ ಕಂಡಿರಬಹುದು. ಪೇಟೆಗೆ ಬರುವಾಗ ಉಳಿದದ್ದು ಎರಡನೆಯದೇ. ಇಲಿಯ ಹೆಸರಿಲ್ಲ, ಉಣುಗಿನ ಹೆಸರಿಲ್ಲ, ಕಾಡು ಕಡಿದು ದಾರಿ ಮಾಡಿದವರ ಹೆಸರಂತೂ ಇಲ್ಲವೇ ಇಲ್ಲ. ನಿಜಕ್ಕೂ ಮಂಗ ಅಲ್ಲಿ ನಮ್ಮ ಹಾಗೆಯೇ ಬಲಿಯಾದದ್ದು, ನಮಗಿಂತ ಮೊದಲು ಬಲಿಯಾಗಿ ಎಚ್ಚರಿಕೆ ಕೊಟ್ಟದ್ದು. ಇವತ್ತಿಗೂ ಆರೋಗ್ಯ ಇಲಾಖೆಯವರು ಮಂಗ ಸತ್ತ ಸುದ್ದಿ ಬಂದರೆ ಆ ಜಾಗಕ್ಕೆ ಓಡುವುದು ಅದಕ್ಕೇ.

ಇದೇ ಶಿವಮೊಗ್ಗ ಸೀಮೆಯ ಹಿನ್ನೆಲೆಯಲ್ಲಿ 1965ರಲ್ಲಿ ಪ್ರಕಟವಾದ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ನಾವೆಲ್ಲ ಓದಿದ್ದೇವೆ. ಅಲ್ಲಿ ಮೊದಲು ಇಲಿಗಳು ಬಿದ್ದು ಸಾಯುತ್ತವೆ. ಅಗ್ರಹಾರದವರು ಅದನ್ನು ಪ್ಲೇಗಿನ ಸೂಚನೆ ಅಂತ ಓದಿಕೊಳ್ಳದೆ, ಯಾರ ಪಾಪದಿಂದ ಹೀಗಾಯ್ತು ಅಂತ ಹುಡುಕುತ್ತಾರೆ. ಸಾಯುವ ಪ್ರಾಣಿ ಕೊಡುವ ಸೂಚನೆ ಬೇರೆ, ಮನುಷ್ಯರು ಮಾಡಿಕೊಳ್ಳುವ ಅರ್ಥ ಬೇರೆ. ಸಾಹಿತ್ಯದ ವಿದ್ಯಾರ್ಥಿಯಾಗಿ ಈ ಅಂತರ ನನಗೆ ಮುಖ್ಯವಾದದ್ದು.

ಕೆಎಫ್‌ಡಿ ಕ್ಯಾಸನೂರಲ್ಲೇ ಉಳಿಯಲಿಲ್ಲ. 2015ರ ಹೊತ್ತಿಗೆ ಗೋವಾದ ಸತ್ತರಿ ತಾಲ್ಲೂಕಿನಲ್ಲೂ ಕಾಣಿಸಿಕೊಂಡಿತು, ಗೇರುಬೀಜ ಹೆಕ್ಕಲು ಕಾಡಂಚಿಗೆ ಹೋಗುವವರಲ್ಲಿ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜನ ಸತ್ತದ್ದು ನಿಮಗೆ ನೆನಪಿರಬಹುದು. ಹೀಗೆ ಮಲೆನಾಡಿನ ಕಾಯಿಲೆ ಗೋವಾದ ಕಾಡಿಗೂ ಬಂತು. ಗೋವಾದ ಊರುಗಳಿಗೆ ಬಂದ ಇನ್ನೊಂದು ವೈರಸ್ಸಿನ ವಿಷಯಕ್ಕೆ ಈಗ ಹೋಗೋಣ.

5. ಮ್ಯಾಂಗಬಿಯಿಂದ ಗೋವಾದವರೆಗೆ

ಮನುಷ್ಯರಲ್ಲಿ ಎಚ್‌ಐವಿ ಒಂದಲ್ಲ, ಎರಡು. ಚಿಂಪಾಂಜಿಯ ಮೂಲಕ ಬಂದದ್ದು ಎಚ್‌ಐವಿ-1. ಎಚ್‌ಐವಿ-2 ಅನ್ನು 1986ರಲ್ಲಿ ಪಶ್ಚಿಮ ಆಫ್ರಿಕಾದ ರೋಗಿಗಳಲ್ಲಿ ಗುರುತಿಸಿದರು. ಅದು ಬಂದದ್ದು ನೇರವಾಗಿ ಸೂಟಿ ಮ್ಯಾಂಗಬಿಯಿಂದ ಅಂತ 1989ರಲ್ಲಿ ಸ್ಪಷ್ಟವಾಯಿತು. ಲೂಸಿಯಾನಾದ ಪಂಜರದಲ್ಲಿ ರೀಸಸ್‌ಗೆ ದಾಟಿದ ಅದೇ ವೈರಸ್ಸಿನ ಸೋದರ ಅದು. ಮನುಷ್ಯರಲ್ಲಿ ಅದರ ನಡೆ ನಡುವಿನದು: ಎಚ್‌ಐವಿ-1ಕ್ಕಿಂತ ನಿಧಾನ, ಹರಡುವುದೂ ಕಡಿಮೆ, ಆದರೆ ಮ್ಯಾಂಗಬಿಯಲ್ಲಿದ್ದ ಹಾಗೆ ಸುಮ್ಮನಿರುವುದಿಲ್ಲ.

ಎಚ್‌ಐವಿ-2ರ ದೊಡ್ಡ ನೆಲೆ ಗಿನಿ-ಬಿಸ್ಸಾವ್, ಅಂದರೆ ಹಿಂದಿನ ಪೋರ್ಚುಗೀಸ್ ಗಿನಿ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಲ್ಲಿ ಈ ವೈರಸ್ ವೇಗವಾಗಿ ಹರಡಿದ ಕಾಲವನ್ನು 1955ರಿಂದ 1970ರ ನಡುವೆ ಗುರುತಿಸಿತು. ಆ ದೇಶದ ಸ್ವಾತಂತ್ರ್ಯ ಯುದ್ಧ ಶುರುವಾದದ್ದು 1963ರಲ್ಲಿ. ಪಶ್ಚಿಮ ಆಫ್ರಿಕಾದ ಹೊರಗೆ ಎಚ್‌ಐವಿ-2 ಎಲ್ಲೆಲ್ಲಿದೆ ಅಂತ ವಿದ್ವಾಂಸರು ಪಟ್ಟಿ ಮಾಡುವಾಗ ಹೇಳುವ ಹೆಸರುಗಳು ಇವು: ಪೋರ್ಚುಗಲ್, ಅಂಗೋಲಾ, ಮೊಜಾಂಬಿಕ್, ಬ್ರೆಜಿಲ್, ಮತ್ತು ನಮ್ಮ ನೈಋತ್ಯ ಭಾರತ. ಭಾರತದಲ್ಲಿ ಎಚ್‌ಐವಿ-2ರ ವರದಿ 1991ರಲ್ಲಿ ಮುಂಬೈನಿಂದ ಬಂತು. ಈ ಪಟ್ಟಿಯನ್ನು ನಕಾಶೆಯ ಮೇಲೆ ಇಟ್ಟರೆ ಒಂದು ಸಾಮ್ರಾಜ್ಯದ ಹಡಗು ದಾರಿ ಕಾಣುತ್ತದೆ. 1961ರ ಡಿಸೆಂಬರ್ 19ರವರೆಗೆ ಗೋವಾದ ಮೇಲೂ ಬಿಸ್ಸಾವ್ ಮೇಲೂ ಹಾರುತ್ತಿದ್ದದ್ದು ಒಂದೇ ಬಾವುಟ. ಇದರಿಂದ ಗೋವಾದವರ ಮೇಲೋ ಆಫ್ರಿಕಾದವರ ಮೇಲೋ ಬೆರಳು ತೋರಿಸಿದರೆ ಮತ್ತೆ ‘ಮಂಗನ ಕಾಯಿಲೆ’ಯ ವ್ಯಾಕರಣಕ್ಕೇ ಬಿದ್ದ ಹಾಗೆ. ಸೈನ್ಯ, ಬಂದರು, ಒತ್ತಾಯದ ವಲಸೆ ಇವುಗಳ ಚರಿತ್ರೆಯನ್ನು ಕೇಳಬೇಕಾದ ಜಾಗ ಇದು.

ಗೋವಾದಲ್ಲಿ ಬೆರಳು ತೋರಿಸಿದ್ದೂ ಚರಿತ್ರೆಯೇ. ರಕ್ತದಾನ ಮಾಡಿದ್ದ ಡೊಮಿನಿಕ್ ಡಿಸೋಜ ಎಂಬ ಯುವಕನಿಗೆ ಎಚ್‌ಐವಿ ಇದೆ ಅಂತ ಗೊತ್ತಾದದ್ದೇ 1989ರಲ್ಲಿ ಪೊಲೀಸರು ಅವರನ್ನು ಹಿಡಿದು ಮಾಪ್ಸಾದ ಒಂದು ಹಳೆಯ ಕ್ಷಯರೋಗ ಆಸ್ಪತ್ರೆಯ ಕಟ್ಟಡದಲ್ಲಿ 64 ದಿನ ಒಬ್ಬರೇ ಇರುವಂತೆ ಕೂಡಿಹಾಕಿದರು. ಆಗಿನ ಗೋವಾ ಸಾರ್ವಜನಿಕ ಆರೋಗ್ಯ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿತ್ತು. ಅವರ ತಾಯಿ ಲೂಸಿ ಡಿಸೋಜ ಬಾಂಬೆ ಹೈಕೋರ್ಟಿಗೆ ಹೋದರು. ಪ್ರತ್ಯೇಕವಾಗಿಡುವ ಸರ್ಕಾರದ ಅಧಿಕಾರವನ್ನು ನ್ಯಾಯಾಲಯ ತಳ್ಳಿಹಾಕಲಿಲ್ಲ. ಡೊಮಿನಿಕ್ ಸುಮ್ಮನಾಗಲಿಲ್ಲ, ‘ಪಾಸಿಟಿವ್ ಪೀಪಲ್’ ಸಂಸ್ಥೆ ಕಟ್ಟಿದರು, 1992ರಲ್ಲಿ ತೀರಿಕೊಂಡರು. ಎಚ್‌ಐವಿ ಇರುವವರನ್ನು ಕೆಲಸದಲ್ಲಿ, ಚಿಕಿತ್ಸೆಯಲ್ಲಿ, ವಾಸದಲ್ಲಿ ಭೇದ ಮಾಡಬಾರದು ಅನ್ನುವ ಕಾಯ್ದೆ ದೇಶದಲ್ಲಿ ಆದದ್ದು 2017ರಲ್ಲಿ, ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್‌ನಲ್ಲಿ.

ಇನ್ನು ಬೈನಾ. ವಾಸ್ಕೊ ಬಂದರಿನ ಪಕ್ಕದ ಆ ಕಡಲತೀರದಲ್ಲಿ ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರಲ್ಲಿ ಕರ್ನಾಟಕ, ಆಂಧ್ರದಿಂದ ಬಂದವರು ಬಹಳ. 2004ರ ಜೂನ್‌ನಲ್ಲಿ, ಮಳೆಗಾಲ ಹಿಡಿಯುವ ಹೊತ್ತಿಗೆ, ಅಲ್ಲಿನ ಗುಡಿಸಲುಗಳನ್ನು ಬುಲ್ಡೋಜರ್ ಹಚ್ಚಿ ಕೆಡವಲಾಯಿತು. ಅದೇ ವರ್ಷ ಏಪ್ರಿಲ್ 1ರಂದು ಕೇಂದ್ರ ಸರ್ಕಾರ ಎಚ್‌ಐವಿಗೆ ಉಚಿತ ಔಷಧಿ ಕೊಡಲು ಶುರುಮಾಡಿತ್ತು. ಕರ್ನಾಟಕವೂ ಸೇರಿ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಮತ್ತು ದೆಹಲಿಯಲ್ಲಿ. ಎರಡೂವರೆ ತಿಂಗಳ ಅಂತರದಲ್ಲಿ ಒಂದು ಕಡೆ ಮಾತ್ರೆ, ಇನ್ನೊಂದು ಕಡೆ ಬುಲ್ಡೋಜರ್. ಬಿರ್ಲಾದ ನಮ್ಮ ಓಣಿಯ ಹಿರಿಯ ಹೆಂಗಸರು ಈಗಲೂ ಹೇಳ್ತಾರೆ: “ಆಗ ಬಸ್ಸಿನ್ಯಾಗ ಕನ್ನಡ ಮಾತಾಡಾಕ ಹೆದರಿಕಿ ಬರತಿತ್ತು, ಎಲ್ಲಿಯವರು ಅಂತ ಕೇಳತಿದ್ರು.” ಭಾಷೆಯೇ ಸೋಂಕಿನ ಗುರುತಾಗಿಬಿಟ್ಟಿತ್ತು. ಮ್ಯಾಂಗಬಿಗೆ ಗೊತ್ತಿರದ ಒಂದು ಲಕ್ಷಣ ಇದು, ಮನುಷ್ಯ ಜಾತಿಯಲ್ಲಿ ಮಾತ್ರ ಕಾಣುವಂಥದ್ದು.

6. ಸಮಾರೋಪ

ಎಸ್‌ಐವಿಯ ಚರಿತ್ರೆಯಿಂದ ನನಗೆ ಸಿಕ್ಕಿದ್ದು ಒಂದು ಓದುವ ಕ್ರಮ. ರೋಗದ ಕಥೆಯನ್ನು ಓದುವಾಗ ‘ಮೂಲ’ದಲ್ಲಿ ನಿಲ್ಲದೆ, ವೈರಸ್ ಮತ್ತು ಅದು ಸೇರಿದ ದೇಹ ಇವೆರಡರ ನಡುವಿನ ಸಂಬಂಧವನ್ನು ಓದಬೇಕು. ಆ ಸಂಬಂಧಕ್ಕೆ ಕಾಲ ಇದೆ, ಸ್ಥಳ ಇದೆ, ಹಡಗು, ಪಂಜರ, ಸೂಜಿ ಎಲ್ಲ ಇದೆ. ನಮ್ಮ ಪಾರಿಭಾಷಿಕ ಪದಗಳೂ ನಿಧಾನವಾಗಿ ಬದಲಾಗಿವೆ. ‘ಏಡ್ಸ್ ರೋಗಿ’ ಹೋಗಿ ‘ಸೋಂಕಿತರು’ ಬಂತು, ಈಗ ‘ಎಚ್‌ಐವಿಯೊಂದಿಗೆ ಬದುಕುತ್ತಿರುವವರು’ ಅಂತ ಬರೆಯುತ್ತೇವೆ. ಉದ್ದವಾದ ಪದ, ಪತ್ರಿಕೆಯ ತಲೆಬರಹಕ್ಕೆ ಹಿಡಿಸುವುದಿಲ್ಲ. ಆದರೆ ‘ಒಂದಿಗೆ’ ಅನ್ನುವ ಆ ಪ್ರತ್ಯಯದಲ್ಲಿ ಸಂಬಂಧ ಇದೆ, ಆರೋಪ ಇಲ್ಲ. ಕನ್ನಡ ರೋಗಸಾಹಿತ್ಯದ ಅಧ್ಯಯನ ಇಂಥ ವಿಭಕ್ತಿ, ಪ್ರತ್ಯಯಗಳಿಂದ ಶುರುವಾಗಬಹುದು ಅನ್ನುವುದು ನನ್ನ ಸೂಚನೆ.

ಸಂವಾದದಿಂದ

ಅಧ್ಯಾಪಕರು: ಮ್ಯಾಂಗಬಿಯ ಹಾಗೆ ಮನುಷ್ಯರೂ ಒಂದು ದಿನ ಈ ವೈರಸ್ಸಿಗೆ ಹೊಂದಿಕೊಳ್ಳಬಹುದು ಅಂತ ನಿಮ್ಮ ವಾದವೇ?

ಉತ್ತರ: ಇಲ್ಲ ಸರ್. ಮಂಗಗಳ ಹೊಂದಾಣಿಕೆಗೆ ಸಾವಿರಾರು ತಲೆಮಾರು ಹಿಡಿದಿದೆ. ತಾಳಿಕೊಂಡವು ಉಳಿದು, ತಾಳಿಕೊಳ್ಳದವು ಸತ್ತು ಆದ ಹೊಂದಾಣಿಕೆ ಅದು. ಮನುಷ್ಯ ಸಮಾಜ ಆ ದಾರಿ ಹಿಡಿಯಬೇಕಿಲ್ಲ, ನಮ್ಮ ಹತ್ತಿರ ಔಷಧಿ ಇದೆ. ಸರಿಯಾಗಿ ಔಷಧಿ ತಗೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಮ್ಯಾಂಗಬಿ ದೀರ್ಘ ಕಾಲದಲ್ಲಿ ಮಾಡಿದ್ದನ್ನು ನಾವು ದಿನಕ್ಕೊಂದು ಮಾತ್ರೆಯಲ್ಲಿ, ಬೇರೆ ರೀತಿ ಮಾಡುತ್ತಿದ್ದೇವೆ ಅನ್ನಬಹುದು.

ಸಹಪಾಠಿ: ಎಚ್‌ಐವಿ-1, ಎಚ್‌ಐವಿ-2 ಅಂತ ಬೇರೆ ಮಾಡಿ ಹೇಳುವುದರಿಂದ ಸಾಮಾನ್ಯ ಜನಕ್ಕೆ ಏನು ಉಪಯೋಗ? ಹೆದರಿಕೆ ಇನ್ನೂ ಜಾಸ್ತಿ ಆಗಲ್ವಾ?

ಉತ್ತರ: ಇದು ಬರೀ ಪಾಂಡಿತ್ಯದ ಪ್ರಶ್ನೆ ಆಗಿದ್ದರೆ ಹೌದು ಅಂತಿದ್ದೆ. ಆದರೆ ನೆವಿರಾಪಿನ್, ಎಫಾವಿರೆಂಜ್ ಗುಂಪಿನ ಮಾತ್ರೆಗಳು ಎಚ್‌ಐವಿ-2ರ ಮೇಲೆ ಕೆಲಸ ಮಾಡುವುದಿಲ್ಲ. ಉಚಿತ ಚಿಕಿತ್ಸೆ ಶುರುವಾದಾಗ ಇಲ್ಲಿ ಹೆಚ್ಚಿನವರಿಗೆ ಕೊಟ್ಟದ್ದು ಅಂಥ ಔಷಧಿಯನ್ನೇ. ಆದ್ದರಿಂದ ಯಾವ ಬಗೆ ಅಂತ ಪರೀಕ್ಷೆಯಲ್ಲಿ ಗೊತ್ತಾಗುವುದು ಜೀವದ ಪ್ರಶ್ನೆ. ಚಿಂಪಾಂಜಿಯಿಂದ ಬಂತೋ ಮ್ಯಾಂಗಬಿಯಿಂದ ಬಂತೋ ಅನ್ನುವುದಕ್ಕೆ ಡಾಕ್ಟರ ಮೇಜಿನ ಮೇಲೆ ಅರ್ಥ ಬರುವುದು ಹೀಗೆ. ಅದೇ ಪ್ರಶ್ನೆಯನ್ನು ಬೀದಿಯಲ್ಲಿ ಕೇಳಿದರೆ ಬೇರೆ ಅರ್ಥ ಬರುತ್ತದೆ.

ಅಧ್ಯಕ್ಷರು: ‘ಮಂಗನ ಕಾಯಿಲೆ’ಗೆ ಬೇರೆ ಹೆಸರು ಇಡಬೇಕು ಅಂತೀರಾ?

ಉತ್ತರ: ಇಡಬೇಕಿಲ್ಲ ಮೇಡಂ, ಜನ ಇಟ್ಟ ಹೆಸರು. ಮೊದಲನೆಯ ಅರ್ಥದಲ್ಲಿ ಓದಿಕೊಂಡರೆ ಸಾಕು: ಮಂಗನಿಗೆ ಬಂದ ಕಾಯಿಲೆ.